ಹೆಸರಿನ ಮುಂದೆ ಗುಂಡು

“ಇಂಥಾ ಮೈ ಇಟ್ಕಂಡು ಓಡ್ತೀಯೇನೇ ಕೆಂಪಿ? ನೆಲ ಕುಸಿದೋಯ್ತದೆ ಕಣೇ.”

ಗೋಪಾಲಮ್ಮನ ಮಾತಿಗೆ ಯಲಹಂಕ ಮಹಿಳಾ ಸಮಾಜದ ಹೆಂಗಸರೆಲ್ಲ ನಕ್ಕರು. ಮುನಿಕೆಂಪಮ್ಮ ನಗಲಿಲ್ಲ. ದಿನಾ ಬೆಳಿಗ್ಗೆ ಪುಟ್ಟೇನಹಳ್ಳಿಯಿಂದ ಸ್ಟೇಷನ್ನಿಗೆ ಹಾಲಿನ ಕ್ಯಾನು ಹೊತ್ತು ಓಡಿಯೇ ರೈಲು ಹಿಡಿಯುವವಳು ಅವಳು. ಹೋದ ತಿಂಗಳು ಹೆಸರಘಟ್ಟದ ಗಂಡಿನವರು ‘ಹುಡುಗಿ ಗುಂಡು’ ಎಂದು ಹೇಳಿಕಳಿಸಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು...

ನನ್ನ ಮೈ ಯಾವುದಕ್ಕಾಗುತ್ತೆ ಅಂತ ಹೇಳೋಕೆ ಇವರೆಲ್ಲ ಯಾರು?

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸಮಾಜ ನಡೆಸಲಿದ್ದ ಹೆಂಗಸರ ಕ್ರೀಡಾಕೂಟಕ್ಕೆ ಹೆಸರು ಬರೆದುಕೊಳ್ಳುತ್ತಿದ್ದವನು ಹೊಸ ಗ್ರಾಮಸೇವಕ ಆವಲಪ್ಪ, ಕಡ್ಡಿಯಂಥ ಮನುಷ್ಯ. ಅವನೊಬ್ಬನೇ ನಗದೆ ಅವಳ ಭುಜಗಳನ್ನು ನೋಡಿದ. ಅವಳ ಕಿವಿ ಬಿಸಿಯಾಯಿತು. ಇವನು ಬೇರೆ ಥರ... ಅಂದುಕೊಳ್ಳುವಷ್ಟರಲ್ಲಿ ಪುಸ್ತಕ ಕಣ್ಣಿಗೆ ಬಿತ್ತು.

‘ಮುನಿಕೆಂಪಮ್ಮ – ಗುಂಡು.’

ಇವನೂನಾ!

“ಓಟ ಅಂತ ಬರೀರಿ,” ಎಂದಳು.

ಅವನು ‘ಗುಂಡು’ ಎಂಬುದನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ‘ಓಟ’ ಸೇರಿಸಿದ. ಆಮೇಲೆ ಹದಿನೈದು ದಿನ ಸ್ಟೇಷನ್ನಿನಲ್ಲಿ ಅವನು ನಮಸ್ಕಾರ ಮಾಡಿದಾಗಲೆಲ್ಲ ಅವಳು ಮುಖ ತಿರುಗಿಸಿದಳು.

ಕೂಟದ ದಿನ ಓಟದಲ್ಲಿ ಅವಳೇ ಕೊನೆ. ತೆಳ್ಳನೆಯ ಹುಡುಗಿಯರೆಲ್ಲ ಓಟ ಮುಗಿಸಿ ಕೂತ ಮೇಲೂ, ಅಷ್ಟು ಜನರ ನಗುವಿನ ನಡುವೆ, ನಿಲ್ಲದೆ ಓಡಿ ಗೆರೆ ಮುಟ್ಟಿದಳು.

ಏದುಸಿರು ಇಳಿಯುವ ಮೊದಲೇ ಆವಲಪ್ಪ ಕೂಗಿದ. “ಗುಂಡು ಎಸೆತ, ಮುನಿಕೆಂಪಮ್ಮ.”

ಅವನ ಕಾಲ ಬಳಿ ಕಬ್ಬಿಣದ ಗುಂಡೊಂದಿತ್ತು. ಹೆಂಗಸರದ್ದು ಸಿಗದೆ ಗಂಡಸರದ್ದನ್ನೇ ತಂದಿದ್ದರು.

ಗುಂಡು ಅಂದರೆ... ಇದಾ?

ಹದಿನೈದು ದಿನದ ಸಿಟ್ಟೆಲ್ಲ ತೋಳಿಗೆ ಬಂತು. ಗುಂಡು ಉಳಿದವರ ಗುರುತುಗಳನ್ನೆಲ್ಲ ದಾಟಿ ದಬ್ಬನೆ ಬಿತ್ತು. ನೆಲ ನಿಜವಾಗಿಯೂ ಕುಸಿಯಿತು. ಗೋಪಾಲಮ್ಮ ಬಾಯಿ ಮುಚ್ಚಿಕೊಂಡಳು.

ಜನ ಚದುರಿದ ಮೇಲೆ ಅವಳೇ ಅವನ ಬಳಿ ಬಂದಳು.

“ನನ್ ಮೈ ನೋಡಿ ಬರೆದ್ರಾ?”

“ಗುಂಡು ಅಂತ ಬರೆದಿದ್ದು ಭುಜ ನೋಡಿ. ಮನಸು ಕೊಟ್ಟಿದ್ದು ಮಾತ್ರ ಇವತ್ತು... ನೀವು ಕೊನೇಲಿ ಓಡ್ತಿದ್ದಾಗ.”

ಅವಳು ತಲೆ ತಗ್ಗಿಸಲಿಲ್ಲ.

“ಬರೋ ವರ್ಷನೂ ಓಡ್ತೀನಿ. ಕೊನೇಗೇ ಬರ್ತೀನಿ. ಯಾರೂ ಬ್ಯಾಡ ಅನ್ನಂಗಿಲ್ಲ.”

“ಗೆರೆ ಹತ್ರ ಕಾಯ್ತಿರ್ತೀನಿ ಕಣ್ರೀ... ಮನೆಗೆ ಬಂದು ನಿಮ್ಮಪ್ಪನ್ನ ಕೇಳ್ಲಾ?”

“ಅಪ್ಪನ್ನ ಆಮೇಲೆ ಕೇಳೋರಂತೆ. ನಾನು ಒಪ್ಪಿದೀನಿ.”

ಅವನು ನಾಚಿ, ಗುಂಡನ್ನೆತ್ತಿಕೊಂಡು ಹೊರಟ. ಹತ್ತು ಹೆಜ್ಜೆಗೇ ತೋಳು ನಡುಗಿತು. ಅವಳು ಅದನ್ನು ಅವನ ಕೈಯಿಂದ ತೆಗೆದು, ನೀರಿನ ಬಿಂದಿಗೆಯಂತೆ ಸೊಂಟಕ್ಕಿಟ್ಟುಕೊಂಡು ಮುಂದೆ ನಡೆದಳು.