ತವರಿನ ಕುರಿಗಳು

"ಅತ್ತೇ... ಇವು ನಮ್ಮ ಕುರಿಗಳಲ್ಲ!"

ಓಬಳಮ್ಮ ಚೀರಿದ್ದು ಕೇಳಿ ಅಂಗಳದಲ್ಲಿ ನೆರೆದಿದ್ದವರೆಲ್ಲ ತಿರುಗಿ ನೋಡಿದರು. ಕಳುವಾಗಿದ್ದ ಕುರಿಗಳನ್ನು ಪೊಲೀಸರು ಪತ್ತೆ ಮಾಡಿ ಕೊಟ್ಟರೆಂದು ಕೊಂಡ್ಲಹಳ್ಳಿಯ ಆ ಮನೆಯಲ್ಲಿ ಬೆಳಗಿನಿಂದ ಹಬ್ಬವೇ ಆಗಿತ್ತು. ಅತ್ತೆ ರಂಗಕ್ಕ ಕುರಿಗಳಿಗೆ ಆರತಿ ಎತ್ತಿ, ಬಂದವರಿಗೆಲ್ಲ ಬೆಲ್ಲ ಹಂಚಿ, "ಪೊಲೀಸ್ನೋರು ಅಂದ್ರೆ ದೇವರು ಕಣ್ರವ್ವ" ಎಂದು ಹೊಗಳುತ್ತಿದ್ದಳು. ಕುರಿಗಳ ಎಡಗಿವಿಯಿಂದ ರಕ್ತ ಜಿನುಗುತ್ತಿದ್ದುದನ್ನು ಕಂಡವಳು ಸೊಸೆ ಓಬಳಮ್ಮ ಒಬ್ಬಳೇ. ನೊಣ ಕೂರದಿರಲೆಂದು, ತುಂಬು ಬಸುರಿಯಾದರೂ ಹೇಗೋ ನೆಲಕ್ಕೆ ಕುಳಿತು, ಒಂದೊಂದಕ್ಕೇ ಅರಿಶಿನ ಮೆತ್ತುತ್ತಿದ್ದಳು.

ಕುರಿ ಸಾಕುವ ಮನೆತನಗಳಲ್ಲಿ ಮನೆಗೊಂದು ಕಿವಿಗುರುತು. ಗಂಡನ ಮನೆಯ ಕುರಿಗಳಿಗೆ ಎಡಗಿವಿಯ ತುದಿ ಕತ್ತರಿಸುವುದು ರೂಢಿ. ಇವುಗಳ ಎಡಗಿವಿಯನ್ನೂ ಕತ್ತರಿಸಲಾಗಿತ್ತು, ನಿಜ. ಆದರೆ ಗಾಯ ಇನ್ನೂ ಹಸಿ! ಬಲಗಿವಿಯ ನಡುವೆ ಮಾತ್ರ ಮಾಗಿದ ಹಳೆಯ ಸೀಳು. ಅದು ದೇವಸಮುದ್ರದ ಕಡೆಯ ಅವಳ ತವರುಮನೆಯ ಗುರುತು. ಮದುವೆಗೆ ಮುಂಚೆ ಮರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಿವಿ ಹಿಡಿಯುತ್ತಿದ್ದಳು, ಅಣ್ಣ ಚಂದ್ರಣ್ಣ ಸೀಳುತ್ತಿದ್ದ. ಆ ಗುರುತನ್ನು ಅವಳು ಮರೆಯುವುದುಂಟೆ?

"ಬಸುರಿ ಹೆಂಗಸು, ಬಿಸಿಲಿಗೆ ತಲೆ ತಿರುಗೈತೆ" ಎಂದು ಜನರಿಗೆ ಹೇಳುತ್ತಲೇ ರಂಗಕ್ಕ ಸೊಸೆಯನ್ನು ರಟ್ಟೆ ಹಿಡಿದು ಒಳಗೆಳೆದುಕೊಂಡು ಹೋದಳು. ಓಬಳಮ್ಮನ ಗಂಡ ಜುಂಜಣ್ಣ ಅಲ್ಲೇ ಗೋಡೆಗೊರಗಿ ನಿಂತಿದ್ದ. ತಲೆ ಎತ್ತಲಿಲ್ಲ.

"ಯಾರನ್ನ ಹಿಡಿದಾರೆ? ಹೇಳ್ರಿ... ಯಾರನ್ನ?" ಎಂದು ಓಬಳಮ್ಮ ಗಂಡನನ್ನು ಕೇಳಿದಳು.

"ಚಂದ್ರಣ್ಣನ್ನ" ಎಂದ ಜುಂಜಣ್ಣ. ಆಮೇಲೆ ಮಗುವಿನಂತೆ ಅಳತೊಡಗಿದ. "ಲಾಕಪ್ಪಿನಾಗೆ ಕೂತಿದ್ದ ಕಣೆ... ನಾನು ಅವನ್ನ ನೋಡ್ದೆ, ಅವನೂ ನನ್ನ ನೋಡ್ದ. ಇವು ನನ್ನ ಕುರಿ ಅಲ್ಲ ಅಂದೆ. 'ಹಂಗಾದ್ರೆ ನೀನು ಕೊಟ್ಟಿದ್ದು ಸುಳ್ಳು ಕಂಪ್ಲೇಂಟು, ಬಾ ನೀನೂ ಒಳಗೆ' ಅಂದ್ರು ದಫೇದಾರ್ರು. ಕೈ ಹಿಡಕಂಡು ಹೆಬ್ಬೆಟ್ಟು ಒತ್ತಿಸ್ಬಿಟ್ರು..."

ನಡೆದದ್ದು ಇಷ್ಟು. ಜುಂಜಣ್ಣನ ಕುರಿಗಳನ್ನು ರಾತ್ರೋರಾತ್ರಿ ಲಾರಿಗೆ ತುಂಬಿಕೊಂಡು ಹೋದವರು ಯಾರೆಂಬುದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಠಾಣೆಗೂ ಗೊತ್ತಿತ್ತು. ತಿಂಗಳು ತಿಂಗಳು ಅಲ್ಲಿಗೆ ಪಾಲು ಮುಟ್ಟುತ್ತಿದ್ದಾಗ ಗೊತ್ತಿಲ್ಲದಿರುತ್ತದೆಯೇ! ಆದರೆ ರಂಗಕ್ಕ ಸುಮ್ಮನಿರುವ ಹೆಂಗಸಲ್ಲ. ಜಿಲ್ಲೆಯ ದೊಡ್ಡ ಅಧಿಕಾರಿಯ ಜೀಪಿಗೆ ಅಡ್ಡ ಬಿದ್ದು ಗೋಳಾಡಿದಳು. ಒಂದು ವಾರದಲ್ಲಿ ಮಾಲು ಸಿಗಬೇಕೆಂದು ಅವರು ಠಾಣೆಯವರಿಗೆ ಛೀಮಾರಿ ಹಾಕಿ ಹೋದರು. ಕದ್ದ ಕುರಿಗಳು ಅಷ್ಟರಲ್ಲಿ ಬಳ್ಳಾರಿಯ ಕಡೆ ಯಾರ್ಯಾರದೋ ಹೊಟ್ಟೆ ಸೇರಿದ್ದವು. ಆಗ ದಫೇದಾರ ಕಲ್ಲೇಶಪ್ಪನಿಗೆ ನೆನಪಾದವನು ಚಂದ್ರಣ್ಣ. ರಾಂಪುರದ ರಸ್ತೆ ಪಕ್ಕ ಮಂದೆ ತಂಗಿಸಿದ್ದ ಅವನು, ಠಾಣೆಯ ಸಾಹೇಬರ ಮನೆಯ ಊಟಕ್ಕೆ ಬಿಟ್ಟಿ ಟಗರು ಕೇಳಿದಾಗ ಕೊಡಲಾರೆ ಎಂದಿದ್ದ. ಅವನನ್ನೇ ಕಳ್ಳನೆಂದು ಹಿಡಿದರು. ಅವನ ಕುರಿಗಳ ಎಡಗಿವಿಯನ್ನು ಬ್ಲೇಡಿನಿಂದ ಕತ್ತರಿಸಿ ಜುಂಜಣ್ಣನವು ಎಂದು ಬರೆದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

"ಕೋರ್ಟಿನಾಗೆ ನಾನು ಹೇಳ್ತೀನಿ" ಎಂದಳು ಓಬಳಮ್ಮ. "ಇವು ನಮ್ಮಣ್ಣನ ಕುರಿ ಅಂತ ಹೇಳ್ತೀನಿ."

"ಹೇಳು ಹೋಗು!" ರಂಗಕ್ಕನ ಕಣ್ಣು ಕೆಂಡವಾಯಿತು. "ಅವನು ಹೊರಗೆ ಬರ್ತಾನೆ, ನಿನ್ನ ಗಂಡ ಒಳಗೆ ಹೋಗ್ತಾನೆ. ಹೆರಿಗೆಗೆ ಯಾರ ಮುಖ ನೋಡ್ತೀಯ? ಗಂಡ ಬೇಕೋ, ಅಣ್ಣ ಬೇಕೋ, ಇವತ್ತೇ ಹೇಳ್ಬಿಡು. ಕೋರ್ಟಿಗೆ ಅಂತ ಹೊಸಿಲು ದಾಟಿದ್ರೆ ಈ ಮನೆಗೆ ಹೊಳ್ಳಿ ಬರಬ್ಯಾಡ!"

ಅಯ್ಯೋ ಹೆಣ್ಣುಜನ್ಮವೇ! ಅತ್ತ ದರಿ, ಇತ್ತ ಪುಲಿ. ಅಪ್ಪ ಅವ್ವ ತೀರಿಹೋದ ಮೇಲೆ ಅವಳನ್ನು ಸಾಕಿದವನು ಚಂದ್ರಣ್ಣ. ತಂಗಿಯ ಮದುವೆಯಾಗದೆ ತನಗೆ ಮದುವೆ ಬೇಡವೆಂದು ಕುಳಿತಿದ್ದವನು. ಅವನು ಠಾಣೆಯಲ್ಲಿ ಒದೆ ತಿನ್ನುತ್ತಿರುವಾಗ ಅವನ ಕುರಿಗಳಿಗೆ ಇಲ್ಲಿ ಸೊಪ್ಪು ಹಾಕಬೇಕು. ಸೊಪ್ಪು ಹಿಡಿದು ಹೋದರೆ ಅವು ಅವಳ ದನಿ ಗುರುತು ಹಿಡಿದು ಮೈಗೆ ಮೈ ಉಜ್ಜುತ್ತಿದ್ದವು. ಗಂಡ ಎದುರು ಕುಳಿತರೆ ಅವನ ಹೆಬ್ಬೆರಳೇ ಕಣ್ಣಿಗೆ ಬೀಳುತ್ತಿತ್ತು. ಅವನ ಮೇಲೆ ಸಿಟ್ಟು ಬರುತ್ತಿತ್ತು, ಮರುಗಳಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಚಂದ್ರಣ್ಣನನ್ನು ಮೊಳಕಾಲ್ಮುರು ಕೋರ್ಟಿಗೆ ಕರೆತಂದ ದಿನ ಅವಳು ಹೊಸಿಲು ದಾಟಿಯೇಬಿಟ್ಟಳು. ರಂಗಕ್ಕ ಬಾಗಿಲಲ್ಲೇ ಕುಸಿದು ಎದೆ ಬಡಿದುಕೊಂಡಳು. ಓಬಳಮ್ಮ ಹಿಂದಿರುಗಿ ನೋಡಲಿಲ್ಲ. ಬಸ್ಸಿಳಿದು ಏದುಸಿರು ಬಿಡುತ್ತ ಕೋರ್ಟಿನ ಬಾಗಿಲಿಗೆ ಬಂದಾಗ ಚಂದ್ರಣ್ಣ ಕಟಕಟೆಯಲ್ಲಿ ನಿಂತಿದ್ದ. ಒಂದು ಕಣ್ಣು ಊದಿಕೊಂಡಿತ್ತು. ಸಾಕ್ಷಿಗೆಂದು ಬಂದಿದ್ದ ಜುಂಜಣ್ಣ ಮೂಲೆಗೆ ಸರಿದು ಕುಳಿತಿದ್ದ.

"ತಪ್ಪು ಒಪ್ಪಿಕೊಳ್ಳುತ್ತೀಯಾ?" ಎಂದು ನ್ಯಾಯಾಧೀಶರು ಕೇಳಿದರು.

ಓಬಳಮ್ಮ ಕೈ ಎತ್ತಿ ಬಾಯಿ ತೆರೆದಳು. ಚಂದ್ರಣ್ಣ ಆಗಲೇ ಅವಳನ್ನು ಕಂಡಿದ್ದು. ತಂಗಿಯ ಮುಖ, ಅವಳ ತುಂಬಿದ ಹೊಟ್ಟೆ, ಮೂಲೆಯಲ್ಲಿದ್ದ ಅವಳ ಗಂಡ, ಮೂರನ್ನೂ ನೋಡಿದ. ಅವಳು ಏಕೆ ಬಂದಿದ್ದಾಳೆಂದು ಅವನಿಗೆ ಅರ್ಥವಾಯಿತು.

"ಒಪ್ಕಂತೀನಿ ಸ್ವಾಮಿ!" ಎಂದು ಕೋರ್ಟು ನಡುಗುವಂತೆ ಕೂಗಿದ. "ನಾನೇ ಕದ್ದಿದ್ದು. ಕುರಿ ಜುಂಜಣ್ಣನವೇ."

"ಅಣ್ಣಾ..." ಎನ್ನುತ್ತ ಅವಳು ಮುಂದಕ್ಕೆ ಹೆಜ್ಜೆ ಇಟ್ಟಳು. ಪಕ್ಕದಲ್ಲಿದ್ದ ದಫೇದಾರ ಬಗ್ಗಿ ಮೆಲ್ಲಗೆ ಹೇಳಿದ, "ಈಗ ನೀನು ಬಾಯಿ ಬಿಟ್ರೆ ಇಬ್ಬರೂ ಒಳಗೆ ಹೋಗ್ತಾರಮ್ಮ. ನೋಡ್ಕ."

ಆರು ತಿಂಗಳು ಶಿಕ್ಷೆಯಾಯಿತು. ಕರೆದೊಯ್ಯುವಾಗ ಚಂದ್ರಣ್ಣ ತಂಗಿಯ ಮುಂದೆ ಒಂದು ಗಳಿಗೆ ನಿಂತ. "ಅಳಬ್ಯಾಡ ಕಣವ್ವ. ನಿನಗೆ ಗಂಡ ಐದಾನೆ, ಕೂಸು ಬರ್ತೈತೆ. ನಾನು ಒಂಟಿ. ಆರು ತಿಂಗಳು ಯಾವ ಮಹಾ, ಮುಗಿದೋಗ್ತೈತೆ" ಎಂದ.

ಮುಗಿದುಹೋಗುತ್ತದೆಂದು ಪಾಪ, ಅವನೂ ನಂಬಿದ್ದ!

ಕೋರ್ಟಿನಲ್ಲಿ ಬಾಯಿ ಬಿಡದೆ ಮರಳಿದ ಸೊಸೆಯನ್ನು ರಂಗಕ್ಕ ಒಳಗೆ ಬಿಟ್ಟುಕೊಂಡಿದ್ದಳು. ಜೈಲಿನಿಂದ ಬಿಡುಗಡೆಯಾದ ಚಂದ್ರಣ್ಣ ತಂಗಿಯ ಕೂಸನ್ನು ನೋಡಲು ಬಂದ. ಜುಂಜಣ್ಣ ಅವನ ಕಾಲು ಹಿಡಿದು, "ನಿನ್ನ ಕುರಿ ಹೊಡಕಂಡು ಹೋಗು ಭಾವ" ಎಂದು ಅಂಗಲಾಚಿದ. ಚಂದ್ರಣ್ಣ ನಕ್ಕ. "ಹೊಡಕಂಡು ಹೋದ್ರೆ ಊರ ಮುಂದೇನೇ ಹಿಡೀತಾರೆ ಕಣಪ್ಪ. ಅವು ನಿನ್ನವು ಅಂತ ಕೋರ್ಟಿನಾಗೇ ಆಗೈತೆ." ಕುರಿ ಇಲ್ಲದ ಕುರಿಗಾಹಿ ಕೂಲಿಗೆ ಹೋದ.

ಕೂಲಿ ಮಾಡಿ ಬದುಕಲಾದರೂ ಬಿಟ್ಟರೇ? ಚಳ್ಳಕೆರೆಯ ಸಂತೆಯಲ್ಲಿ ಎತ್ತು ಕಳುವಾದರೆ ಚಂದ್ರಣ್ಣ. ಯಾರದೋ ಹೊಲದಲ್ಲಿ ಪಂಪ್‌ಸೆಟ್ಟು ಹೋದರೆ ಚಂದ್ರಣ್ಣ. ತಪ್ಪೊಪ್ಪಿಕೊಂಡ ಹಳೇ ಕಳ್ಳ ಕೈಯಳತೆಯಲ್ಲಿರುವಾಗ ಹೊಸ ಕಳ್ಳನನ್ನು ಹುಡುಕುವ ಕಷ್ಟ ಅವರಿಗೇಕೆ! ಎರಡು ದಿನ ಕೂರಿಸಿಕೊಂಡು ಬಡಿದು ಬಿಡುತ್ತಿದ್ದರು. ಹೆಣ್ಣು ಕೊಡಲು ಬಂದವರು ಅರ್ಧ ದಾರಿಯಿಂದಲೇ ತಿರುಗಿ ಹೋದರು. ಎಲ್ಲಾದರೂ ಕಳ್ಳತನವಾದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಓಬಳಮ್ಮ ಬುತ್ತಿ ಕಟ್ಟಿಕೊಂಡು ಠಾಣೆಯ ದಾರಿ ಹಿಡಿಯುತ್ತಿದ್ದಳು. "ಕಳ್ಳನಿಗೆ ನಮ್ಮನೆ ಮುದ್ದೆ" ಎಂದು ರಂಗಕ್ಕ ಗೊಣಗುವುದೂ ತಪ್ಪಿರಲಿಲ್ಲ.

ಒಮ್ಮೆ ಅವನು ಠಾಣೆಯಿಂದ ನೇರ ಇಲ್ಲಿಗೇ ಬಂದ. ನಡೆಯಲಾರದೆ ತೆವಳಿಕೊಂಡು ಬಂದು ಜಗುಲಿಗೆ ಬಿದ್ದ. ಬಾಗಿಲು ತೆರೆದವಳು ರಂಗಕ್ಕ. ಊದಿ ಕಪ್ಪಾದ ಅವನ ಅಂಗಾಲುಗಳನ್ನು ಬಹಳ ಹೊತ್ತು ನೋಡುತ್ತ ನಿಂತಳು. ತಾನೇ ಒಲೆ ಹಚ್ಚಿ, ಉಪ್ಪು ಹಾಕಿ ನೀರು ಕಾಯಿಸಿ, ಅವನ ಕಾಲುಗಳಿಗೆ ಶಾಖ ಕೊಟ್ಟಳು. ಅಂದಿನಿಂದ ಅವಳ ಗೊಣಗಾಟ ನಿಂತಿತು.

ಮರುವರ್ಷ ಶೇಂಗಾ ಕೀಳುವ ಸುಗ್ಗಿ. ಎಲ್ಲರೂ ಹೊಲಕ್ಕೆ ಹೋಗಿದ್ದರು. ಮಧ್ಯಾಹ್ನ ಬುತ್ತಿ ಒಯ್ಯಲು ಅತ್ತೆ ಸೊಸೆ ಮನೆಗೆ ಬಂದರೆ ಬಾಗಿಲ ಬೀಗ ಮುರಿದಿತ್ತು! ರಂಗಕ್ಕ ಒಳಗೆ ಓಡಿದಳು. ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಅವಳ ಅವ್ವ ಕೊಟ್ಟಿದ್ದ ಬೆಳ್ಳಿ ಕಡಗ, ಗಂಡ ಮಾಡಿಸಿದ್ದ ಬಂಗಾರದ ಗುಂಡು, ಯಾವುದೂ ಇರಲಿಲ್ಲ.

"ಅಯ್ಯಯ್ಯೋ... ಹಾಳಾಗೋದ್ನಲ್ಲೋ!" ಎಂದು ಕೂಗಿಕೊಂಡಳು.

ಆ ಕೂಗಿಗೆ ಅಕ್ಕಪಕ್ಕದವರು ಓಡಿ ಬಂದರು. "ಏನಾತು ರಂಗಕ್ಕ? ಏನು ಹೋತು?" ಎಂದ ಎದುರು ಮನೆಯ ತೋಟಪ್ಪ. "ಹೇಳು, ಈಗ್ಲೇ ಠಾಣೆಗೆ ಹೋಗಿ ಬರ್ತೀನಿ."

ಠಾಣೆ ಎಂದೊಡನೆ ರಂಗಕ್ಕನ ಅಳು ನಿಂತಿತು. ತಿರುಗಿ ಸೊಸೆಯ ಮುಖ ನೋಡಿದಳು. ಓಬಳಮ್ಮ ಕೂಸನ್ನು ಅವಚಿಕೊಂಡು ಗೋಡೆಗಂಟಿ ನಿಂತಿದ್ದಳು. ಹೋದದ್ದು ಅತ್ತೆಯ ಒಡವೆ, ಠಾಣೆಗೆ ಬೇಡವೆನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ರಂಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಬಂದಳು.

"ಏನೂ ಹೋಗಿಲ್ಲ ಕಣಪ್ಪ. ಹಾವು ಹರಿದಂಗಾತು, ಹೆದರಿ ಕೂಗ್ಕಂಡೆ. ಹೋಗ್ರಿ, ನಿಮ್ಮ ಕೆಲಸ ನೋಡ್ಕಳ್ರಿ."

ತೋಟಪ್ಪ ಮುರಿದ ಬೀಗವನ್ನು ನೋಡಿದ. ಕಾಲಿನಿಂದ ಅದನ್ನು ಮೆಲ್ಲಗೆ ಹೊಸಿಲೊಳಕ್ಕೆ ಸರಿಸಿ, "ಹಾವಂತೆ, ನಡೀರಿ ನಡೀರಿ" ಎಂದು ಜನರನ್ನು ಕರೆದುಕೊಂಡು ಹೋದ.

"ಅತ್ತೆ... ನಿಮ್ಮ ಕಡಗ..." ಎಂದಳು ಓಬಳಮ್ಮ.

"ಹೋದ್ರೆ ಹೋಗ್ಲಿ ಬಿಡು ಮಗಳೇ. ಹೇಳಿದ್ರೆ ಕಡಗ ಬರಾಕಿಲ್ಲ. ನಮ್ಮ ಚಂದ್ರನ್ನ ಎಳಕಂಡು ಬರ್ತಾರೆ" ಎಂದು ರಂಗಕ್ಕ ಸೊಸೆಯನ್ನು ಎದೆಗೊತ್ತಿಕೊಂಡಳು.

ಆಮೇಲೆ ಇಬ್ಬರೂ ಬಾಗಿಲು ಹಾಕಿಕೊಂಡು, ಬೀದಿಗೆ ಕೇಳಿಸದಂತೆ ಅತ್ತರು.