ಹದಿನಾಲ್ಕನೇ ವ್ಯಕ್ತಿ

ನನಗೆ ಪ್ರೀತಿಯಾಗಿದೆ ಎಂದು ನನಗಿಂತ ಮೊದಲು ಗೊತ್ತಾದದ್ದು ನನ್ನ ಗೈಡ್ ಮೇಡಂಗೆ. ಅದೂ ನನ್ನ ಥೀಸಿಸ್‌ನ ನಾಲ್ಕನೇ ಅಧ್ಯಾಯ ಓದಿ.

ತಿದ್ದಿದ ಪ್ರತಿ ವಾಪಸ್ ಬಂದಾಗ ನೂರ ಹನ್ನೆರಡನೇ ಪುಟದ ಅಂಚಿನಲ್ಲಿ ಅವರ ಹಸಿರು ಪೆನ್ನಿನ ಸಣ್ಣ ಅಕ್ಷರಗಳಿದ್ದವು: ‘ಮತ್ತೆ ಹದಿನಾಲ್ಕನೇ ವ್ಯಕ್ತಿಯಾ?’ ನೂರ ಹದಿನೈದರಲ್ಲಿ, ‘ಮತ್ತೆ?’ ನೂರ ಇಪ್ಪತ್ತರಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಅಧ್ಯಾಯದ ಕೊನೆಗೆ ಮಾತ್ರ ಪೂರ್ತಿ ವಾಕ್ಯ ಬರೆದಿದ್ದರು: ‘ಉಳಿದ ಮೂವತ್ತು ಜನ ಬಾಯಿ ಬಿಡಲೇ ಇಲ್ಲವಾ? ಬಂದು ಕಾಣು.’

ನನ್ನ ವಿಷಯ ಕಿವಿ. ಯಂತ್ರ ರಿಪೇರಿ ಮಾಡುವವರು ಬರೀ ಸದ್ದು ಕೇಳಿ ಅದರ ಕಾಯಿಲೆ ಹೇಗೆ ಹೇಳುತ್ತಾರೆ ಎಂಬುದು. ಹೊಲಿಗೆ ಮೆಷಿನ್, ಪಂಪು, ಫ್ರಿಜ್, ಬೈಕು ಎಂದು ಮೂವತ್ತೊಂದು ಜನ ಮೆಕ್ಯಾನಿಕ್‌ಗಳನ್ನು ಕೂರಿಸಿಕೊಂಡು ಮಾತಾಡಿಸಿದ್ದೆ. ಥೀಸಿಸ್‌ನಲ್ಲಿ ಯಾರ ಹೆಸರೂ ಬರುವಂತಿಲ್ಲ, ನಂಬರ್ ಮಾತ್ರ. ಹದಿನಾಲ್ಕನೆಯವನು ಲಿಫ್ಟ್ ಮೆಕ್ಯಾನಿಕ್.

ಆರು ವರ್ಷವಾಗುತ್ತಾ ಬಂದಿತ್ತು. ಎರಡು ಸಲ ಅವಧಿ ವಿಸ್ತರಣೆ ತೆಗೆದುಕೊಂಡಾಗಿತ್ತು, ಮೂರನೆಯದು ಇಲ್ಲ. ಇನ್ನು ಇಪ್ಪತ್ತಮೂರು ದಿನದೊಳಗೆ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದಾಗಿ ಮಾಡಿದ್ದೆಲ್ಲ ಮಣ್ಣುಪಾಲು. ಅಮ್ಮ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳುವುದನ್ನೂ ಬಿಟ್ಟು ನೇರವಾಗಿ “ಮುಗೀತಾ?” ಎಂದೇ ಶುರುಮಾಡುತ್ತಿದ್ದಳು.

ಮೇಡಂ ಜೊತೆ ವಾದ ಮಾಡಲು ಸಾಕ್ಷಿ ಬೇಕಲ್ಲ. ಕಂಪ್ಯೂಟರ್‌ನಲ್ಲಿ ‘ಹದಿನಾಲ್ಕನೇ ವ್ಯಕ್ತಿ’ ಎಂದು ಹುಡುಕಿದೆ. ಇಪ್ಪತ್ತಾರು ಸಲ ಬಂತು. ಬೇರೆ ಯಾರೂ ಮೂರು ಸಲ ದಾಟಿರಲಿಲ್ಲ. ಅವನ ಸಂದರ್ಶನದ ಬರಹ ತೆರೆದೆ. ಧ್ವನಿಯನ್ನು ಅಕ್ಷರಕ್ಕೆ ಇಳಿಸುವಾಗ ನಾವು ಕೆಮ್ಮು, ಮೌನ, ನಗು ಎಲ್ಲವನ್ನೂ ಗುರುತು ಹಾಕಬೇಕು. ‘ನಗು’ ಎಂದು ಹುಡುಕಿದೆ. ನಲವತ್ತೊಂದು. ಅದರಲ್ಲಿ ಮೂವತ್ತು ನನ್ನವೇ.

ಲಿಫ್ಟ್ ಮೋಟರಿನ ಬೇರಿಂಗ್ ಬಗ್ಗೆ ಮಾತಾಡುವಾಗ ತಲೆ ನೆಟ್ಟಗಿರುವವರು ಯಾರೂ ಮೂವತ್ತು ಸಲ ನಗುವುದಿಲ್ಲ. ಅಷ್ಟನ್ನೂ ನನ್ನ ಕೈಯಾರೆ ಟೈಪ್ ಮಾಡಿದ್ದೆ, ಆದರೂ ತಿಳಿದಿರಲಿಲ್ಲ.

ಅವನು ಮೊದಲು ಸಿಕ್ಕಿದ್ದು ನಮ್ಮ ವಿಭಾಗದ ಕೆಳಗಿನ ಅಂತಸ್ತಿನಲ್ಲಿ. ಲಿಫ್ಟ್ ಬಾಗಿಲಿಗೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಿದ್ದ.

“ಮೆಟ್ಟಿಲು ಹತ್ತಿ ಹೋಗಿ,” ಅಂದ, ಕಣ್ಣು ತೆರೆಯದೆ.

“ಯಾಕೆ, ಕೆಟ್ಟಿದೆಯಾ?”

“ಇನ್ನೂ ಇಲ್ಲ. ನಾಳೆ ಕೆಡುತ್ತೆ.”

“ಹಾಗಾದ್ರೆ ಇವತ್ತು ಹೋಗಬಹುದಲ್ಲ?”

ಆಗ ಕಣ್ಣು ತೆರೆದ. ಮೊದಲು ಒಂದು, ಆಮೇಲೆ ಇನ್ನೊಂದು. ನನ್ನನ್ನು ಮೇಲಿಂದ ಕೆಳಗೆ ನೋಡಲಿಲ್ಲ, ಬರೀ ಮುಖ ನೋಡಿದ. “ಹೋಗಬಹುದು. ನಿಮ್ಮ ಧೈರ್ಯ.”

ನಾನು ತೆಪ್ಪಗೆ ಮೆಟ್ಟಿಲು ಹತ್ತಿದೆ. ಮರುದಿನ ಹತ್ತೂವರೆಗೆ ಲಿಫ್ಟ್ ಕೆಟ್ಟು ನಿಂತಿತು. ಹನ್ನೊಂದಕ್ಕೆ ನಾನು ಸಂದರ್ಶನದ ಒಪ್ಪಿಗೆ ಪತ್ರ ಹಿಡಿದುಕೊಂಡು ಅವನ ಮುಂದೆ ನಿಂತಿದ್ದೆ.

ಉಳಿದವರ ಸಂದರ್ಶನ ಐವತ್ತು ನಿಮಿಷ. ಅವನದು ಮೂರು ಗಂಟೆ ಹತ್ತು ನಿಮಿಷ. “ಕೆಟ್ಟ ಮೇಲೆ ಮಾಡೋ ಸದ್ದು ಎಲ್ಲರಿಗೂ ಕೇಳುತ್ತೆ,” ಎಂದಿದ್ದ ಅವತ್ತು. “ಕೆಡೋಕೆ ಮುಂಚೆ ದಿನಾ ಇರೋ ಒಂದು ಸದ್ದು ನಿಂತುಹೋಗುತ್ತೆ. ಅದನ್ನ ಗಮನಿಸ್ಬೇಕು.” ಆ ಒಂದು ಮಾತಿನ ಮೇಲೆಯೇ ನನ್ನ ನಾಲ್ಕನೇ ಅಧ್ಯಾಯ ನಿಂತಿತ್ತು.

ಆಮೇಲೂ ತಿಂಗಳಿಗೊಮ್ಮೆ ಲಿಫ್ಟ್ ಸರ್ವಿಸ್‌ಗೆ ಬಂದಾಗಲೆಲ್ಲ ಸಂಶೋಧಕರ ಕೋಣೆಗೆ ಇಣುಕುತ್ತಿದ್ದ. “ಅವತ್ತು ಒಂದು ವಿಷಯ ಹೇಳೋದು ಮರೆತಿದ್ದೆ.” ಬಟ್ಟೆಯ ಗ್ರೀಸ್ ಅಂಟಬಾರದೆಂದು ಕುರ್ಚಿಯ ಮೇಲೆ ಹಳೇ ಪೇಪರ್ ಹಾಸಿಕೊಂಡು ತುದಿಯಲ್ಲಿ ಕೂರುತ್ತಿದ್ದ. ನಾನು ಪ್ರಶ್ನೆ ಕೇಳುವಾಗ ತಲೆ ಎಡಕ್ಕೆ ವಾಲಿಸಿ ನನ್ನ ತುಟಿಗಳನ್ನೇ ನೋಡುತ್ತಿದ್ದ, ಪ್ರಶ್ನೆ ಮುಗಿದ ಕೂಡಲೇ ತಟ್ಟನೆ ಕಣ್ಣಿಗೆ ಕಣ್ಣು ಕೊಡುತ್ತಿದ್ದ. ಆಗ ನಾನು ರೆಕಾರ್ಡರ್ ಆನ್ ಇದೆಯಾ ಎಂದು ನೋಡುವ ನೆಪ ಮಾಡುತ್ತಿದ್ದೆ.

“ನಿಮ್ಮ ಪುಸ್ತಕ ಮುಗಿದ ಮೇಲೆ ಇದನ್ನೆಲ್ಲ ಯಾರಿಗೆ ಹೇಳ್ಲಿ?” ಎಂದ ಒಂದು ಸಲ.

“ಲಿಫ್ಟಿಗೇ ಹೇಳಿ.”

“ಅದು ಬರೀ ಮಾತಾಡುತ್ತೆ. ಕೇಳಿಸ್ಕೊಳ್ಳೋದು ನೀವೊಬ್ರೇ.”

ಅದಕ್ಕೂ ನಾನು ನಕ್ಕಿದ್ದೆ. ಅದನ್ನೂ ಗುರುತು ಹಾಕಿದ್ದೆ.

ಮೇಡಂ ಕೋಣೆಯಲ್ಲಿ ಎರಡನೇ ಕುರ್ಚಿಯ ಮೇಲೆ ಯಾವಾಗಲೂ ಪುಸ್ತಕದ ರಾಶಿ. ಅದನ್ನು ನೆಲಕ್ಕಿಳಿಸಿ ಕೂರುವಷ್ಟರಲ್ಲಿ ಅವರು ಕನ್ನಡಕ ತೆಗೆದಿಟ್ಟಿದ್ದರು.

“ಯಾರಮ್ಮ ಇವನು?”

“ಲಿಫ್ಟ್ ಮೆಕ್ಯಾನಿಕ್, ಮೇಡಂ.”

“ಅದು ಅನುಬಂಧದಲ್ಲಿದೆ. ನಾನು ಕೇಳಿದ್ದು ಅದಲ್ಲ.”

ನನ್ನ ಮುಖವೆಲ್ಲ ಬಿಸಿಯಾಯಿತು.

“ಅವನಿಗೆ ಗೊತ್ತಾ?”

“ಇಲ್ಲ.”

“ಅವನಿಗೂ ಇಷ್ಟಾನಾ?”

“ಗೊತ್ತಿಲ್ಲ. ಕೇಳೋ ಹಾಗಿಲ್ವಲ್ಲ, ಮೇಡಂ.”

ನಿಯಮ ಹಾಗಿತ್ತು. ಸಂಶೋಧನೆ ನಡೆಯುವಷ್ಟು ಕಾಲ ಸಂದರ್ಶನ ಕೊಟ್ಟವರ ಜೊತೆ ಸಂಶೋಧಕರಿಗೆ ಬೇರೆ ಯಾವ ಸಂಬಂಧವೂ ಇರಕೂಡದು. ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ, ಅವನಿಂದಲೂ ಹಾಕಿಸಿದ್ದೆ.

“ಒಪ್ಪಿಸೋ ತನಕ ಕಾಯ್ತೀನಿ,” ಎಂದೆ. “ಅವನ ಹತ್ರ ಮಾತೇ ಆಡಲ್ಲ.”

“ನೀನು ಕಾದ್ರೆ ಬರೆದಿದ್ದು ಬದಲಾಗುತ್ತಾ? ಇಪ್ಪತ್ತಾರು ಸಲ ಅವನ ಮಾತು ಹಾಕಿದ್ದೀಯ. ಚೆನ್ನಾಗಿ ಹೇಳಿದ ಅಂತ ಹಾಕಿದ್ಯೋ, ಅವನು ಹೇಳಿದ ಅಂತ ಹಾಕಿದ್ಯೋ?”

ಆರು ವರ್ಷದಲ್ಲಿ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಅಡಿಟಿಪ್ಪಣಿ ಸಮೇತ ಉತ್ತರ ಕೊಟ್ಟವಳು ನಾನು. ಈ ಸಲ ನೆಲಕ್ಕಿಳಿಸಿದ ಪುಸ್ತಕದ ರಾಶಿಯನ್ನು ನೆಟ್ಟಗೆ ಜೋಡಿಸತೊಡಗಿದೆ.

“ಅವನು ಈ ಥೀಸಿಸ್‌ನಲ್ಲಿ ಉಳಿದ್ರೆ ಅವನ ಕೈ ಹಿಡಿಯೋ ಆಸೆ ಬಿಡು,” ಎಂದರು ಮೇಡಂ. “ಆಸೆ ಬಿಡಕ್ಕಾಗಲ್ಲ ಅಂದ್ರೆ ಇಲ್ಲಿಂದ ಅವನನ್ನ ತೆಗಿ. ಒಂದು ವಾಕ್ಯಾನೂ ಉಳೀಬಾರದು.”

“ನಾಲ್ಕನೇ ಅಧ್ಯಾಯನೇ ಕುಸಿದು ಬೀಳುತ್ತೆ.”

“ಬೀಳುತ್ತೆ. ಹೊಸದಾಗಿ ಕಟ್ಟೋಕೆ ಇಪ್ಪತ್ತಮೂರು ದಿನ ಇದೆ. ಆಗದೇ ಇದ್ರೆ ಡಿಗ್ರೀನೂ ಇಲ್ಲ. ಅವನ ಮನಸ್ಸಲ್ಲಿ ಏನೂ ಇಲ್ಲ ಅಂದ್ರೆ ಅವನೂ ಇಲ್ಲ. ಚೆನ್ನಾಗಿ ಯೋಚನೆ ಮಾಡು.” ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ, ನನ್ನನ್ನು ನೋಡದೆ ಹೇಳಿದರು, “ನಿನ್ನ ವಯಸ್ಸಲ್ಲಿ ನಾನು ಅಧ್ಯಾಯ ಉಳಿಸ್ಕೊಂಡೆ.”

ಆ ಕೊನೆಯ ಮಾತು ಹೇಳದೇ ಇದ್ದಿದ್ದರೆ ನಾನೂ ಉಳಿಸಿಕೊಳ್ಳುತ್ತಿದ್ದೆನೋ ಏನೋ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿ ಹನ್ನೊಂದರೊಳಗೆ ಅವನ ಇಪ್ಪತ್ತಾರು ಮಾತುಗಳನ್ನೂ ಅಳಿಸಿದೆ. ಮೂವತ್ತೆಂಟು ಪುಟದ ಅಧ್ಯಾಯ ಹದಿನೇಳಕ್ಕೆ ಇಳಿಯಿತು. ಅವನನ್ನು ಸಂಶೋಧನೆಯಿಂದ ಕೈಬಿಡಲು ವಿಶ್ವವಿದ್ಯಾಲಯದ ಕಚೇರಿಗೆ ಅರ್ಜಿ ಕೊಟ್ಟು ಬಂದು, ಪ್ರಿಂಟರ್ ಹಿಂದೆ ಕೂತು ಮೂಗು ಕೆಂಪಾಗುವವರೆಗೆ ಅತ್ತೆ. ಅಧ್ಯಾಯಕ್ಕಾಗಿ ಅತ್ತೆನೋ, ಅವನ ಧ್ವನಿಗಾಗಿ ಅತ್ತೆನೋ ನನಗೇ ಗೊತ್ತಿಲ್ಲ.

ಆಮೇಲೆ ಉಳಿದ ಮೂವತ್ತು ಜನರ ಧ್ವನಿಮುದ್ರಣಗಳನ್ನು ಮೊದಲಿಂದ ಕೇಳಲು ಕೂತೆ. ಆರನೇ ವ್ಯಕ್ತಿ ಹೊಲಿಗೆ ಮೆಷಿನ್ ರಿಪೇರಿ ಮಾಡುವ ಎಪ್ಪತ್ತು ವರ್ಷದ ಅಜ್ಜಿ. “ಮೆಷಿನ್ ಕಿರುಚಿದ್ರೆ ನಾನು ಹೆದರಲ್ಲ ಮಗಾ,” ಎನ್ನುತ್ತಿದ್ದರು ಅಜ್ಜಿ. “ದಿನಾ ಟಿಕ್ ಅನ್ನೋದನ್ನ ಒಂದಿನ ಅನ್ನದೇ ಇದ್ರೆ ಹೆದರ್ತೀನಿ.” ಅದರ ಹಿಂದೆಯೇ ನನ್ನ ಅವಸರದ ಧ್ವನಿ: “ಹ್ಞೂಂ, ಮುಂದೆ ಹೇಳಿ.” ಅಷ್ಟು ದೊಡ್ಡ ಮಾತು ಹೇಳಿದವರನ್ನು ಗದ್ದಲದ ಸಂತೆಯಲ್ಲಿ ದಾಟುವ ಹಾಗೆ ದಾಟಿಹೋಗಿದ್ದೆ. ಕಿವಿಯ ಬಗ್ಗೆ ಥೀಸಿಸ್ ಬರೆಯುವವಳಿಗೆ ಕಿವಿಯೇ ಇರಲಿಲ್ಲ. ನಾಚಿಕೆಯಾಯಿತು, ಜೊತೆಗೆ ಬರೆಯುವ ಹುರುಪೂ ಬಂತು.

ಎರಡನೇ ವಾರ ಬಾಗಿಲಲ್ಲಿ ಅವನ ತಲೆ ಕಾಣಿಸಿತು.

“ಒಂದು ವಿಷಯ ಮರೆತಿದ್ದೆ...”

“ಇವತ್ತು ಆಗಲ್ಲ,” ಎಂದೆ ತಲೆ ಎತ್ತದೆ.

“ನಾಳೆ?”

“ನಾಳೇನೂ ಆಗಲ್ಲ.”

ಕಚೇರಿಯವರು ಅರ್ಜಿಗೆ ಮೊಹರು ಒತ್ತುವ ತನಕ ಅವನಿನ್ನೂ ಹದಿನಾಲ್ಕನೇ ವ್ಯಕ್ತಿಯೇ. ತಲೆ ಎತ್ತಿದ್ದರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತಿತ್ತು. ಅವನ ಕಂಕುಳಲ್ಲಿ ಮಡಿಸಿದ ಪೇಪರ್ ಇದ್ದದ್ದು ಓರೆಗಣ್ಣಿಗೆ ಕಂಡಿತು. ಆಮೇಲೆ ಹೆಜ್ಜೆ ಸಪ್ಪಳ ದೂರವಾಯಿತು.

ಗಡುವಿಗೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ವಿಷಯಸೂಚಿಗೆ ಪುಟಸಂಖ್ಯೆ ತುಂಬುತ್ತಾ ಕೂತಿದ್ದಾಗ ಅವನು ಬಾಗಿಲು ತಟ್ಟದೆ ಒಳಗೆ ಬಂದ. ಕುರ್ಚಿಗೆ ಪೇಪರ್ ಹಾಸಲಿಲ್ಲ, ಕೂರಲೂ ಇಲ್ಲ. ಕೈಯಲ್ಲಿ ಕಚೇರಿಯ ಕಾಗದ. ಅವರು ಅದನ್ನು ಅಂಚೆಯಲ್ಲಿ ಅವನ ಮನೆಗೆ ಕಳಿಸುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

“‘ನಿಮ್ಮ ಮಾಹಿತಿಯನ್ನು ಸಂಪೂರ್ಣವಾಗಿ ಕೈಬಿಡಲಾಗಿದೆ,’” ಎಂದು ಓದಿದ. “ನಾನು ಹೇಳಿದ್ದರಲ್ಲಿ ತಪ್ಪಿತ್ತಾ?”

“ಇಲ್ಲ.”

“ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ರಾ?”

“ಇಲ್ಲ. ಅಂದ್ರೆ, ಒಬ್ರು ಅಜ್ಜಿ ಸ್ವಲ್ಪ ಚೆನ್ನಾಗಿ ಹೇಳಿದ್ದಾರೆ.”

ಅವನು ನಗಲಿಲ್ಲ. “ನಮ್ಮಕ್ಕ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ, ನನ್ನ ತಮ್ಮ ಪುಸ್ತಕದಲ್ಲಿ ಬರ್ತಾನೆ ಅಂತ. ಹದಿನೈದು ವರ್ಷಕ್ಕೇ ಶಾಲೆ ಬಿಟ್ಟೋನು ನಾನು. ನನ್ನ ಮಾತನ್ನ ಒಬ್ರು ಬರ್ಕೊಂಡಿದ್ದು ಅದೇ ಮೊದಲು. ಮೊನ್ನೆ ನೀವು ತಲೆ ಎತ್ತಲಿಲ್ಲ. ನನ್ನಿಂದ ಆಗೋ ಕೆಲಸ ಮುಗೀತು ಅಂತ ಅವತ್ತೇ ಅರ್ಥ ಮಾಡ್ಕೋಬೇಕಿತ್ತು.”

“ಆ ಕಾಗದ ಕೊಡಿ ಇಲ್ಲಿ.”

ಕೊಟ್ಟ. ಕೆಳಗೆ ನೀಲಿ ಮೊಹರು ಇತ್ತು, ಮೂರು ದಿನ ಹಿಂದಿನ ತಾರೀಖು. ಅವನು ಇಲ್ಲ ಎಂದುಬಿಟ್ಟರೆ? ಹೇಳದೆ ಹೇಗಿರಲಿ?

“ಮೂರು ದಿನದಿಂದ ನೀವು ಈ ಥೀಸಿಸ್‌ಗೆ ಯಾರೂ ಅಲ್ಲ,” ಎಂದೆ.

“ಅದನ್ನೇ ನಾನೂ ಓದಿದ್ದು.”

“ಪೂರ್ತಿ ಕೇಳಿ. ಇದರಲ್ಲಿ ಇರೋ ಯಾರನ್ನೂ ನಾನು ಇಷ್ಟಪಡೋ ಹಾಗಿಲ್ಲ. ಅದು ನಿಯಮ. ನಿಮ್ಮನ್ನ ತೆಗೆದಿದ್ದು ಅದಕ್ಕೇ.”

ಅವನ ತಲೆ ಮೆಲ್ಲಗೆ ಎಡಕ್ಕೆ ವಾಲಿತು. ಹುಬ್ಬು ಗಂಟಿಕ್ಕಿತು, ಸಡಿಲವಾಯಿತು, ಕಿವಿಯ ತುದಿ ಕೆಂಪಾಯಿತು.

“ಇನ್ನೊಂದ್ಸಲ ಹೇಳಿ.”

“ಯಾಕೆ, ಕೇಳಿಸಲಿಲ್ವಾ? ಕಿವಿಯಿಂದಲೇ ಅಲ್ವಾ ನಿಮ್ಮ ಹೊಟ್ಟೆಪಾಡು?”

“ಕೇಳಿಸ್ತು. ಇನ್ನೊಂದ್ಸಲ ಕೇಳ್ಬೇಕು, ಅಷ್ಟೇ.”

“ನನಗೆ ನಿಮ್ಮನ್ನ ಕಂಡ್ರೆ ಇಷ್ಟ. ತುಂಬಾ ಇಷ್ಟ. ಸಾಕಾ?”

ಅವನು ಕುರ್ಚಿಯ ಮೇಲೆ ಹಾಗೇ ಕುಸಿದು ಕೂತ, ಗ್ರೀಸ್ ಬಟ್ಟೆಯಲ್ಲೇ. ಅಂಗೈಯಿಂದ ಮುಖ ಒರೆಸಿಕೊಂಡ, ಕೆನ್ನೆಗೆ ಕಪ್ಪು ಮೆತ್ತಿತು. “ನಿಮ್ಮ ಲಿಫ್ಟಿಗೆ ಸರ್ವಿಸ್ ಇರೋದು ಮೂರು ತಿಂಗಳಿಗೊಂದ್ಸಲ,” ಎಂದ ಕೊನೆಗೆ. “ಹೋದ ವರ್ಷದಿಂದ ನಾನು ಪ್ರತಿ ತಿಂಗಳು ಬರ್ತಿದ್ದೀನಿ. ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು.”

ನಾನು ನಕ್ಕೆ. ಎಷ್ಟು ನಕ್ಕೆ ಎಂದು ಈ ಸಲ ಯಾರೂ ಲೆಕ್ಕ ಇಡಬೇಕಾಗಿರಲಿಲ್ಲ.

“ನನ್ನಿಂದ ನಿಮ್ಮ ಪುಸ್ತಕ ಹಾಳಾಯ್ತಾ?” ಎಂದ ಗಾಬರಿಯಿಂದ.

“ಇನ್ನೂ ಇಲ್ಲ. ಹೀಗೇ ಮಾತಾಡ್ತಾ ಕೂತ್ರೆ ಆಗುತ್ತೆ. ಓದಕ್ಕೆ ಸಹಾಯ ಮಾಡ್ತೀರಾ?”

ಅವನು ಕೈ ತೊಳೆದು ಬಂದ. ವಿಷಯಸೂಚಿಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು, ಒಂದೊಂದೇ ಸಂಖ್ಯೆ ಓದಿದ, ನಾನು ಪುಟ ತಿರುಗಿಸಿ ತಾಳೆ ನೋಡಿದೆ. ಸಂದರ್ಶನ ಕೊಟ್ಟವರ ಪಟ್ಟಿಯಲ್ಲಿ ಹದಿಮೂರು ಎಂದವನು ಹದಿನೈದು ಎಂದು ಓದಿ ನಿಂತ. ಒಬ್ಬರನ್ನು ತೆಗೆದರೂ ಉಳಿದವರ ನಂಬರ್ ಬದಲಿಸಬಾರದೆಂಬುದು ಪದ್ಧತಿ, ಆ ಸಂಖ್ಯೆ ಖಾಲಿ ಬಿಡಬೇಕು ಎಂದು ವಿವರಿಸಿದೆ. “ಒಳ್ಳೇ ಪದ್ಧತಿ,” ಎಂದು ಮುಂದಕ್ಕೆ ಓದಿದ.

ಕೊನೆಯ ದಿನ ಮೇಡಂ ಸಹಿ ಹಾಕುವ ಮುಂಚೆ ನಾಲ್ಕನೇ ಅಧ್ಯಾಯವನ್ನು ಇನ್ನೊಮ್ಮೆ ತಿರುವಿದರು. ಅಂಚಿನಲ್ಲಿ ಏನೂ ಬರೆಯಲಿಲ್ಲ. “ಆ ಅಜ್ಜಿ ಎಲ್ಲಿದ್ರು ಇಷ್ಟು ದಿನ?” ಎಂದಷ್ಟೇ ಕೇಳಿ ಸಹಿ ಹಾಕಿದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು, “ಬೇಗ ಹೋಗು, ಕಾಯಿಸಬೇಡ.” ಕಚೇರಿಯನ್ನೋ ಅವನನ್ನೋ ಹೇಳಲಿಲ್ಲ.

ನಾಲ್ಕೂಕಾಲಿಗೆ ಕೌಂಟರ್‌ನಲ್ಲಿ ಐದು ಪ್ರತಿ ಒಪ್ಪಿಸಿದೆ. ಗುಮಾಸ್ತ ಆಕಳಿಸುತ್ತಾ ಮೊಹರು ಒತ್ತಿದ. ಆರು ವರ್ಷದ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದೆ.

ಮೆಟ್ಟಿಲ ಬುಡದಲ್ಲಿ ಅವನು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಯಾರದೋ ಮದುವೆಗೆ ಬಂದವನ ಹಾಗೆ ಸಂಕೋಚಪಡುತ್ತಿದ್ದ.

“ಒಪ್ಪಿಸಿದ್ರಾ?”

“ಒಪ್ಪಿಸ್ದೆ.”

ಇಬ್ಬರೂ ನಾಲ್ಕು ಹೆಜ್ಜೆ ನಡೆದೆವು.

“ಅಕ್ಕ ಬೆಳಿಗ್ಗೆ ಮತ್ತೆ ಕೇಳಿದ್ಲು,” ಎಂದ, ನೆಲ ನೋಡುತ್ತಾ. “ಪುಸ್ತಕದಲ್ಲಿ ನೀನು ಎಷ್ಟನೇ ಪುಟದಲ್ಲಿ ಬರ್ತೀಯ ಅಂತ. ಅವಳಿಗೆ ಏನು ಹೇಳ್ಬೇಕೋ ತಿಳೀತಿಲ್ಲ.”

“ನೀವೇನೂ ಹೇಳ್ಬೇಡಿ. ಈಗಲೇ ನನ್ನನ್ನ ಕರ್ಕೊಂಡು ಹೋಗಿ. ಯಾಕೆ ತೆಗೆದೆ ಅಂತ ನಾನೇ ಹೇಳ್ತೀನಿ.”

ಅವನು ನಿಂತುಬಿಟ್ಟ. “ಈಗಲೇ?”

“ಈಗಲೇ.”

“ನಮ್ಮಕ್ಕನ ಪ್ರಶ್ನೆಗಳ ಮುಂದೆ ನಿಮ್ಮ ವೈವಾ ಪರೀಕ್ಷೆ ಏನೂ ಅಲ್ಲ.”

“ಕೇಳಲಿ ಬಿಡಿ,” ಎಂದು ನಾನೇ ಮೊದಲು ಅವನ ಕೈ ಹಿಡಿದುಕೊಂಡೆ.