ನೂರಾ ಇಪ್ಪತ್ತನಾಲ್ಕು

ಶಿವಗಂಗಾ ಅವನನ್ನು ಮೊದಲ ದಿನವೇ ಸೋಮಾರಿ ಎಂದು ತೀರ್ಮಾನಿಸಿಬಿಟ್ಟಿದ್ದಳು. ಹಾಗೆಂದು ಹೇಳಿದ್ದು ಗೋಡೆಯ ಮೇಲಿನ ಪರದೆ.

ವೈಟ್‌ಫೀಲ್ಡಿನ ಆ ಜಿಮ್ಮಿನಲ್ಲಿ ಬೆಳಗಿನ ಆರೂವರೆಯ ಬ್ಯಾಚಿಗೆ ಹದಿನಾಲ್ಕು ಸೈಕಲ್ಲುಗಳು. ಎಷ್ಟು ತುಳಿದರೂ ಎಲ್ಲಿಗೂ ಹೋಗದ ಸೈಕಲ್ಲುಗಳು. ತುಳಿಯುವವರ ಎದೆಗೊಂದು ಪಟ್ಟಿ. ಅದು ಎಣಿಸಿದ ಎದೆಬಡಿತ ಅವರವರ ಹೆಸರಿನ ಮುಂದೆ ಪರದೆಯ ಮೇಲೆ ಕಾಣುತ್ತಿತ್ತು. ಐಟಿ ಪಾರ್ಕಿನ ಹುಡುಗ ಹುಡುಗಿಯರೆಲ್ಲ ನೂರೈವತ್ತು, ನೂರಾ ಅರವತ್ತು ಎಂದು ಕೆಂಪಗೆ ಮಿನುಗುತ್ತಿದ್ದರೆ, ಮೂಲೆಯ ಸೈಕಲ್ಲಿನ ರೇವಣಸಿದ್ದ ಮಾತ್ರ ನೂರಾ ಹದಿನೆಂಟರಲ್ಲಿ ಹಸಿರಾಗಿ ಕೂತಿದ್ದ.

"ಏನ್ರೀ ಸರ, ಸಂತಿಗೆ ಹೊಂಟಂಗ ಹೊಂಟೀರಲ್ಲ!" ಎಂದಳು ಕ್ಲಾಸು ನಡೆಸುತ್ತಿದ್ದ ಶಿವಗಂಗಾ.

ಆಫೀಸಿನಲ್ಲಿ ರೇವ್ ಎಂದು ಕರೆಸಿಕೊಂಡು, ಕಲಬುರಗಿಯ ಮಾತನ್ನು ಬಾಯಿಂದ ಒರೆಸಿಕೊಂಡಿದ್ದ ಅವನಿಗೆ ಬಿಜಾಪುರದ ಈ ದನಿ ಕೇಳಿದ್ದೇ ತಡ, ಮುಖವೆಲ್ಲ ಅರಳಿತು.

"ಸಂತಿಗೇ ಹೊಂಟೀನ್ರೀ ಮೇಡಂ. ನಿಮಗೇನ್ ತರ್ಲಿ?"

ಬ್ಯಾಚಿಗೆ ಬ್ಯಾಚೇ ನಕ್ಕಿತು. ನಗು ಬಂದದ್ದು ಕಾಣಬಾರದೆಂದು ಅವಳು ಕನ್ನಡಿಯ ಕಡೆ ತಿರುಗಿದಳು. ಕನ್ನಡಿಯಲ್ಲಿ ಅವನು ಅವಳನ್ನೇ ನೋಡುತ್ತಿದ್ದ.

ಶಿವಗಂಗಾ ಒಂಬತ್ತು ವರ್ಷ ಬಿಜಾಪುರದ ಸೈಕ್ಲಿಂಗ್ ಹಾಸ್ಟೆಲಿನಲ್ಲಿ ಬೆಳೆದವಳು. ರೇಸಿನಲ್ಲಿ ಬಿದ್ದು ಮೊಣಕಾಲು ಹೋದ ಮೇಲೆ ರಸ್ತೆ ಮುಗಿಯಿತು, ನಿಂತ ಸೈಕಲ್ಲು ಉಳಿಯಿತು. ಅವಳ ಲೆಕ್ಕ ಸರಳವಾಗಿತ್ತು. ಇನ್ನೂರಾ ಇಪ್ಪತ್ತರಲ್ಲಿ ವಯಸ್ಸು ಕಳೆದರೆ ಎದೆಬಡಿತದ ಮೇಲ್ಮಿತಿ. ಅವನಿಗೆ ಮೂವತ್ತೊಂದು, ಅಂದರೆ ನೂರಾ ಎಂಬತ್ತೊಂಬತ್ತು. ಚೆನ್ನಾಗಿ ತುಳಿದರೆ ನೂರೈವತ್ತರ ಹತ್ತಿರವಾದರೂ ಬರಬೇಕು.

ಇನ್ನೊಂದು ಅಳತೆಯೂ ಅವಳಿಗೆ ಗೊತ್ತಿತ್ತು. ಯಂತ್ರಗಳಿಲ್ಲದ ಕಾಲದಲ್ಲಿ ಹಾಸ್ಟೆಲಿನ ಕೋಚ್ ಸೋಮಪ್ಪ ಕಲಿಸಿದ್ದು. ಪ್ರತಿ ಹೊಸ ಬ್ಯಾಚಿಗೂ ಅದನ್ನು ಹೇಳುತ್ತಿದ್ದಳು: "ಹಾಡಾಕ ಬಂದ್ರ ಹಗುರ ಆತು. ಒಂದ್ ಪೂರ್ತಿ ವಾಕ್ಯ ಆಡಾಕ ಬಂದ್ರ ಸರಿ ಐತಿ. ಬರೀ ಒಂದೊಂದ್ ಶಬ್ದ ಹೊಂಟ್ರ ಅತಿ ಆತು, ನಿಲ್ಲಿಸ್ರಿ." ಹೇಳುತ್ತಿದ್ದಳು, ನಿಜ. ಆದರೆ ಪರದೆ ಬಂದ ಮೇಲೆ ಅವಳ ಕಣ್ಣೂ ಪರದೆಗೇ ಅಂಟಿಕೊಂಡಿತ್ತು.

ಮೂರು ತಿಂಗಳು ಹೀಗೇ ಕಳೆಯಿತು. ಕ್ಲಾಸು ಮುಗಿದ ಮೇಲೆ ಗೇಟಿನಾಚೆಯ ಗಾಡಿಯಲ್ಲಿ ಚಹಾ. ಅವನು ಬೇಕೆಂದೇ ನಿಧಾನ ಕುಡಿಯುತ್ತಿದ್ದ. ಅವಳು ಬೇಕೆಂದೇ ಗಡಿಯಾರ ನೋಡುತ್ತಿದ್ದಳು, ಮತ್ತೆ ಅಲ್ಲೇ ನಿಲ್ಲುತ್ತಿದ್ದಳು. ಅವನ ಬಡಿತ ಮಾತ್ರ ನೂರಾ ಇಪ್ಪತ್ತು ದಾಟಲಿಲ್ಲ. ಪಟ್ಟಿಯದೇ ದೋಷವಿರಬೇಕೆಂದು ನೀರಲ್ಲಿ ಅದ್ದಿಕೊಟ್ಟಳು. ಎರಡು ಸಲ ಬದಲಿಸಿದಳು. ಕೊನೆಗೊಂದು ದಿನ ತನ್ನ ಎದೆಯ ಪಟ್ಟಿಯನ್ನೇ ಬಿಚ್ಚಿ ತಂದು ಕೈಗಿಟ್ಟಳು.

"ಇದು ಸುಳ್ಳ ಹೇಳಂಗಿಲ್ಲ. ಹಾಕ್ಕೋರಿ."

ಪಟ್ಟಿ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡ.

"ಈಗ ಬಡಿತ ಏರಾಕೇಬೇಕ್ರೀ," ಎಂದ. ಅವಳ ಕಿವಿ ಕೆಂಪಾಯಿತು. ಪರದೆ ನೂರಾ ಇಪ್ಪತ್ತೊಂದು ಎಂದಿತು.

ಎರಡು ಸಾವಿರದ ಹದಿನಾಲ್ಕರ ಜುಲೈ, ಒಂದು ಗುರುವಾರ. ಕ್ಲಾಸಿನಲ್ಲಿ ಏರು ಹತ್ತುವ ಪಾಠ. ಹ್ಯಾಂಡಲ್ಲಿನ ಕೆಳಗಿನ ಕೆಂಪು ಗುಂಡಿ ತಿರುವಿದಷ್ಟೂ ಚಕ್ರ ಬಿಗಿಯಾಗುತ್ತದೆ. ಶಿವಗಂಗಾ ನೆಟ್ಟಗೆ ಅವನ ಸೈಕಲ್ಲಿನ ಮುಂದೆ ಬಂದು ನಿಂತಳು.

"ಇವತ್ತ ನೂರಾ ನಲವತ್ತ ಮುಟ್ಟಬೇಕು. ಮುಟ್ಟಿದ್ರ ರವಿವಾರ ನಿಮ್ಮ ಜೋಡಿ ಊಟಕ್ಕ ಬರ್ತೀನಿ."

ಅವನು ಒಂದು ಸುತ್ತು ತಿರುವಿದ, ಇನ್ನೊಂದು ಸುತ್ತು ತಿರುವಿದ. ಬೆವರು ಗದ್ದದಿಂದ ತೊಟ್ಟಿಕ್ಕಿತು. ಪರದೆಯಲ್ಲಿ ನೂರಾ ಇಪ್ಪತ್ತನಾಲ್ಕು.

"ಇನ್ನೂ ಆಗ್ತೈತೇನ್ರೀ?"

"ಆಗ್ತೈತಿ."

ಅದೊಂದೇ ಶಬ್ದ. ತುಟಿ ಬಿಳಚಿತ್ತು. ಶಿವಗಂಗಾ ಅದನ್ನು ಕೇಳಿದಳು, ಕಂಡಳು. ಆದರೂ ಪರದೆಯ ಹಸಿರನ್ನು ನಂಬಿ, ನಗುತ್ತಲೇ ಕೈ ಚಾಚಿ, ಗುಂಡಿಯನ್ನು ತಾನೇ ಇನ್ನೊಂದು ಸುತ್ತು ತಿರುವಿದಳು.

ರೇವಣಸಿದ್ದ ಪಕ್ಕಕ್ಕೆ ವಾಲಿದ. ಪೆಡಲಿಗೆ ಸಿಕ್ಕ ಕಾಲು ಅಲ್ಲೇ ಉಳಿಯಿತು, ತಲೆ ನೆಲಕ್ಕೆ ಬಿತ್ತು. ಪರದೆಯಲ್ಲಿ ಅವನ ಹೆಸರಿನ ಮುಂದೆ ಅಂಕಿಯೇ ಇರಲಿಲ್ಲ.

ಆಂಬುಲೆನ್ಸು ಬರುವವರೆಗೆ ಅವನ ಎದೆ ಒತ್ತಿದ್ದು ಅವಳೇ. ಎರಡೂ ಅಂಗೈ ಸೇರಿಸಿ, ಎಣಿಸುತ್ತಾ, ಹದಿಮೂರು ನಿಮಿಷ. ಕೈಕೆಳಗೆ ಏನೋ ಮುರಿದ ಸದ್ದಾಯಿತು. ಒತ್ತುವುದನ್ನು ಅವಳು ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಪರದೆಯ ಅಂಕಿ, ತನ್ನ ಲೆಕ್ಕ ಎಲ್ಲ ಹೇಳಿದ ಮೇಲೆ ಡಾಕ್ಟರು ಕೇಳಿದರು: "ಯಾವುದಾದ್ರೂ ಮಾತ್ರೆ ತಗೋತಿದ್ರಾ?" ಅವನ ಚೀಲ ಅವಳ ಕೈಯಲ್ಲೇ ಇತ್ತು. ಒಳ ಜೇಬಿನಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಸಿಕ್ಕಿತು. ಡಾಕ್ಟರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಎದೆಬಡಿತ ಏರದ ಹಾಗೆ ಹಿಡಿದಿಡೋ ಮಾತ್ರೆ. ಇದನ್ನ ತಗೊಂಡ್ರೆ ನಿಮ್ಮ ಲೆಕ್ಕ ನಡೆಯಲ್ಲಮ್ಮ. ಇವರಿಗೆ ನೂರಾ ಇಪ್ಪತ್ತನಾಲ್ಕು ಅಂದ್ರೆ ತುದಿ."

ಶಿವಗಂಗಾ ಮಾತ್ರೆಯ ಪಟ್ಟಿಯನ್ನು ಮತ್ತೆ ಚೀಲದೊಳಗೆ ಸೇರಿಸಿದಳು. ಜಿಮ್ಮಿನ ಫಾರಂ ಕಣ್ಣ ಮುಂದೆ ಬಂತು. ಹೃದಯದ ತೊಂದರೆ ಇದೆಯೇ? ಇಲ್ಲ. ಔಷಧಿ? ಇಲ್ಲ. ದುಂಡನೆಯ ಅಕ್ಷರದಲ್ಲಿ ಅವನೇ ಬರೆದಿದ್ದ.

ಹೊರಗೆ ಕಾರಿಡಾರಿನಲ್ಲಿ ಅವನ ಜೊತೆಗೇ ಇದ್ದ ತಾಯಿ ಶರಣಮ್ಮ, ಜಿಮ್ಮಿನ ಮಾಲೀಕ ಮುನಿಯಣ್ಣ, ಅವನ ಆಫೀಸಿನ ಏಳೆಂಟು ಜನ.

"ಕಲ್ಲಿನಂಗಿದ್ದ ನನ್ನ ಮಗ! ಈಕೀನೇ ಕೊಂದಳ್ರೀ!" ಎಂದು ಶರಣಮ್ಮ ಕೂಗಿದರು. ಆದರೆ ಅವರ ಕಣ್ಣು ಇದ್ದದ್ದು ಅವಳ ಕೈಯಲ್ಲಿದ್ದ ಚೀಲದ ಮೇಲೆ. ತಾಯಿಗೆ ಗೊತ್ತಿದೆ ಎಂದು ಶಿವಗಂಗಾಗೆ ಆಗಲೇ ತಿಳಿಯಿತು.

"ಏನಮ್ಮಾ, ನೀನೇನ್ ಮಾಡ್ದೆ? ಎಲ್ರೂ ಬೇರೆ ಬೇರೆ ಏಳ್ತಾವ್ರೆ," ಎಂದ ಮುನಿಯಣ್ಣ.

ಒಂದು ಮಾತು ಆಡಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಆದರೆ ಅವನು ಇಷ್ಟು ವರ್ಷ ಮುಚ್ಚಿಟ್ಟದ್ದು ಅವನ ಇಡೀ ಆಫೀಸಿನ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಅದೂ ಅವನು ಒಳಗೆ ಎಚ್ಚರವಿಲ್ಲದೆ ಮಲಗಿರುವಾಗ.

"ಗುಂಡಿ ತಿರುವಿದಾಕಿ ನಾನೇ," ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಅಂದೇ ಕೆಲಸ ಹೋಯಿತು. ಸುದ್ದಿ ಅವಳಿಗಿಂತ ಮುಂದೆ ಓಡಿತು; ಮಾರತ್ತಹಳ್ಳಿಯವರೆಗೆ ಯಾವ ಜಿಮ್ಮಿಗೆ ಹೋದರೂ "ಆ ಕೇಸು ನಿಮ್ಮದೇನಾ?" ಎಂದೇ ಕೇಳಿದರು. ಬದುಕಿದ್ದಾನೆ ಎಂಬುದಷ್ಟೇ ಅವನ ಬಗ್ಗೆ ತಿಳಿದದ್ದು. ಐದು ವಾರ ಒಂದು ಫೋನಿಲ್ಲ. ಬರಲಿ ಎಂದು ಕಾದಳು, ಬರದಿದ್ದರೇ ಒಳ್ಳೆಯದೆಂದು ಬೈದುಕೊಂಡಳು, ಮತ್ತೆ ಕಾದಳು. ರಾತ್ರಿಯೆಲ್ಲ ಅಂಗೈಯಲ್ಲಿ ಆ ಮುರಿದ ಸದ್ದು. ಆರನೆಯ ಭಾನುವಾರ ಬಿಜಾಪುರದ ರೈಲಿಗೆ ಟಿಕೆಟ್ ತೆಗೆಸಿ, ಪಟ್ಟಂದೂರು ಅಗ್ರಹಾರದ ಮೂರನೆಯ ಮಹಡಿಯ ತನ್ನ ಕೋಣೆಯಲ್ಲಿ ಬಟ್ಟೆ ಕಟ್ಟುತ್ತಿದ್ದಳು.

ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಾಲ್ಕು ಹೆಜ್ಜೆ, ನಿಲುಗಡೆ. ಮೂರು ಹೆಜ್ಜೆ, ದೀರ್ಘ ನಿಲುಗಡೆ. ಯಾರೆಂದು ನೋಡುವ ಮೊದಲೇ ಅವಳಿಗೆ ಗೊತ್ತಾಯಿತು.

ರೇವಣಸಿದ್ದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಂಗಿ ಹ್ಯಾಂಗರಿಗೆ ಹಾಕಿದಂತೆ ಜೋತುಬಿದ್ದಿತ್ತು.

"ಶಿವಗಂಗಾ... ನಾ..."

"ಸುಮ್ಮನ ಕುಂಡ್ರು. ಪೂರ್ತಿ ವಾಕ್ಯ ಬರೂತನಕ ಬಾಯಿ ತಗೀಬ್ಯಾಡ." ಬಹುವಚನ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ನೀರು ಕೊಟ್ಟಳು. ಅವನ ಎದೆ ಏರಿಳಿಯುವುದನ್ನು ನೋಡುತ್ತಾ ಎದುರಿಗೆ ಕೂತಳು. ಈ ಸಲ ನೋಡಲು ಬೇರೆ ಏನೂ ಇರಲಿಲ್ಲ.

ಸುಮಾರು ಹೊತ್ತಾದ ಮೇಲೆ ಅವನು ಹೇಳಿದ. ಅಪ್ಪನೂ ಇದೇ ರೋಗದಿಂದ ನಲವತ್ತನಾಲ್ಕಕ್ಕೆ ಹೋದದ್ದು. ರೋಗದ ಸುದ್ದಿ ತಿಳಿದು ಎರಡು ಸಂಬಂಧ ಮುರಿದದ್ದು. ಬಾಯಿ ಬಿಡಬೇಡ ಎಂದು ಅವ್ವ ಆಣೆ ಹಾಕಿಸಿದ್ದು.

"ಫೋನು ಅವ್ವನ ಕೈಯಾಗಿತ್ತು ಅಂತ ಹೇಳಬಹುದು. ಅದು ನೆವ. ನಾ ಅಂಜಿದ್ದೆ. ಮೊನ್ನೆ ಆರೂವರಿ ಬ್ಯಾಚಿಗೆ ಹೋಗಿ ಎಲ್ಲಾರ ಮುಂದ ಹೇಳಿದೆ. ಫಾರಂದಾಗ ಸುಳ್ಳ ಬರದಾಂವ ನಾನು, ಆಕೀದೇನೂ ತಪ್ಪಿಲ್ಲ ಅಂತ."

"ಮುನಿಯಣ್ಣ ಏನಂದ?"

"ಬ್ಯಾರೆ ಹುಡುಗೀನ ಕೆಲಸಕ್ಕ ತಗೊಂಡಾರಂತ."

ಅವಳು ತಲೆಯಾಡಿಸಿದಳು. ಅದು ಇಷ್ಟೇ ಎಂದು ಗೊತ್ತಿತ್ತು. "ನಂದೂ ತಪ್ಪೈತಿ," ಎಂದಳು. "ಒಂದೇ ಶಬ್ದ ಆಡಿದಿ. ಕೇಳಿಸಿತ್ತು ನನಗ. ನಾ ನಿನ್ನ ಮುಖ ನೋಡಲಿಲ್ಲ, ಅಂಕಿ ನೋಡಿದೆ." ಆರು ವಾರ ತಡೆದಿಟ್ಟ ಅಳು ಈಗ ಬಂತು.

"ನನಗ ಗೊತ್ತಿತ್ತಲ್ಲ, ಆ ಮಾತ್ರಿ ನುಂಗಿ ನೂರಾ ನಲವತ್ತು ಆಗೂದಿಲ್ಲಂತ," ಎಂದ ಅವನು. "ಆದ್ರೂ ರವಿವಾರದ ಊಟ ಬೇಕಾಗಿತ್ತು."

ಕಟ್ಟಿದ ಗಂಟಿನ ಮೇಲೆ ಅವನ ಕಣ್ಣು ಬಿತ್ತು, ಅದರ ಮೇಲಿಟ್ಟಿದ್ದ ಟಿಕೆಟ್ಟಿನ ಮೇಲೂ. ಅವನು ನೆಟ್ಟಗೆ ಕೂತ. ಉಸಿರು ಸಮ ಮಾಡಿಕೊಂಡ. ಆಮೇಲೆ ಒಂದೇ ಉಸಿರಿನಲ್ಲಿ, ಎಲ್ಲೂ ತುಂಡಾಗದಂತೆ ಹೇಳಿದ:

"ಎದಿಯೊಳಗ ಒಂದು ಯಂತ್ರ ಇಟ್ಟಾರ, ಎಷ್ಟು ವರ್ಷ ಅಂತ ಡಾಕ್ಟರೂ ಹೇಳವಲ್ರು, ಆದ್ರ ಇರೂತನಕ ನಿನ್ನ ಜೋಡಿ ಇರಬೇಕಂತ ಆಸೆ ಐತಿ, ನೀ ಇರ್ತೀಯೇನು?"

ಹೇಳಿ ಮುಗಿಸುವಷ್ಟರಲ್ಲಿ ಅವನ ಹಣೆಯಲ್ಲಿ ಬೆವರು ಒಡೆದಿತ್ತು.

ಶಿವಗಂಗಾಗೆ ಹೇಳಲು ಬಹಳ ಇತ್ತು. ಭಯವಾಗುತ್ತಿದೆ ಎನ್ನಬೇಕಿತ್ತು. ಇನ್ನೊಮ್ಮೆ ನಿನ್ನ ಎದೆ ಒತ್ತಲು ನನ್ನ ಕೈಗೆ ಆಗುವುದಿಲ್ಲ ಎನ್ನಬೇಕಿತ್ತು. ಘಟ್ಟದ ಏರುಗಳನ್ನು ಮಾತಾಡುತ್ತಲೇ ಹತ್ತಿದವಳು ಅವಳು. ಈಗ ಒಂದು ಪೂರ್ತಿ ವಾಕ್ಯವೂ ಹೊರಡಲಿಲ್ಲ.

"ಇರ್ತೀನಿ," ಎಂದಳು. ಅದೊಂದೇ ಶಬ್ದ.

ಸಂಜೆ ಅವನನ್ನು ಕೆಳಗೆ ಇಳಿಸಲು ಜೊತೆಗೆ ಹೊರಟಳು. ರೈಲಿನ ಹೊತ್ತು ಮೀರಿತ್ತು. "ಮಾತಾಡಕೋತ ಇಳಿ," ಎಂದಳು, "ಏನರ ಹೇಳು." ಬರುವ ರವಿವಾರದ ಊಟಕ್ಕೆ ಏನೇನು ಮಾಡಿಸಬೇಕೆಂದು ಅವನು ಶುರು ಮಾಡಿದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಏಳನೆಯ ಮೆಟ್ಟಿಲಿನಲ್ಲಿ ಉಸಿರು ಸಾಲದೆ ಅವನ ಮಾತು ನಡುವೆ ನಿಂತಿತು. ಅವಳೂ ನಿಂತಳು, ಮುಂದಿನ ಪೂರ್ತಿ ವಾಕ್ಯ ಬರುವವರೆಗೆ.